ಆ ಕಡೆಯವನು

‘ರೀ, ಅವಳಿಗೆ ಮೂಳೆ ಇರೋದು ಆಗಲ್ವಂತೆ,’ ಎಂದು ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿ, ಉತ್ತರಕ್ಕೂ ಕಾಯದೆ ನಡುಮನೆಗೆ ಹೋದಳು. ಅವಳು ಎಂದರೆ ಬಾಮೈದನ ಹೊಸ ಹೆಂಡತಿ. ಈ ಮನೆಗೆ ಬಂದು ಇನ್ನೂ ಒಂದು ಸಂಜೆ ಕಳೆದಿಲ್ಲ. ಅವಳನ್ನು ಸೋಫಾದ ಮೇಲೆ ಕೂರಿಸಿಕೊಂಡು ಎಲ್ಲರೂ ವಿಚಾರಿಸುತ್ತಿದ್ದದ್ದು ಅವನಿಗೆ ಒಲೆಯ ಮುಂದಿನಿಂದಲೇ ಕೇಳಿಸಿತ್ತು. ಮಾಂಸ ತಿಂತೀಯಾ? ತಿಂತೀನಿ. ಖಾರ ಆಗುತ್ತಾ? ಸ್ವಲ್ಪ ಆಗುತ್ತೆ. ಬದನೆಕಾಯಿ? ಅದೊಂದು ಬೇಡ, ಗಂಟಲು ಕೆರೆಯುತ್ತೆ. ಅತ್ತೆ ಪ್ರತಿಯೊಂದಕ್ಕೂ ‘ಓಹೋ’ ಎನ್ನುತ್ತಿದ್ದರು, ಡಾಕ್ಟರರ ಮಾತು ಕೇಳಿಸಿಕೊಂಡಷ್ಟು ಗಂಭೀರವಾಗಿ. ಅವನು ಸೌಟು ಹಿಡಿದು ನಿಂತಲ್ಲೇ ನಿಂತ. ಕಿವಿ ಬಿಸಿಯಾಯಿತು. ಸಿಟ್ಟು ಬಂದಿದೆ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು, ಯಾಕೆಂದರೆ ಹುಡುಗಿಯ ಮೇಲೆ ಸಿಟ್ಟಾಗಲು ಏನೂ ಇರಲಿಲ್ಲ. ಕೇಳಿದರು, ಹೇಳಿದಳು. ಅವನ ಸಿಟ್ಟೆಲ್ಲ ಆ ಕೇಳಿದ್ದರ ಮೇಲೆ. ಈ ಮನೆಯಲ್ಲಿ ಕೇಳುವ ಪದ್ಧತಿಯೂ ಇದೆಯೇ? ಇಷ್ಟು ವರ್ಷದಲ್ಲಿ ತನ್ನನ್ನು ಯಾರಾದರೂ, ಯಾವತ್ತಾದರೂ, ನಿನ್ನ ಗಂಟಲು ಯಾವುದಕ್ಕೆ ಕೆರೆಯುತ್ತೆ ಅಂತ ಕೇಳಿದ್ದುಂಟೇ?

ತಳ ಹಿಡಿಯುವ ವಾಸನೆ ಬಂದು ಉರಿ ತಗ್ಗಿಸಿದ. ಒಂದೇ ದೊಡ್ಡ ಪಾತ್ರೆಯಲ್ಲಿ ಈರುಳ್ಳಿ, ಟೊಮೆಟೊ, ಮಸಾಲೆ ಎಲ್ಲ ಹದವಾಗಿ ಬಾಡಿಸಿ, ಆಮೇಲೆ ಎರಡು ಪಾತ್ರೆಗೆ ಪಾಲು ಮಾಡುವುದು ಅವನೇ ಕಂಡುಕೊಂಡ ದಾರಿ. ಮಾವನವರು ಮತ್ತು ಬಾಮೈದ ಮಾಂಸವಿಲ್ಲದೆ ಊಟವಾಯಿತು ಎನ್ನುವವರಲ್ಲ. ಅತ್ತೆ ಮತ್ತು ಹೆಂಡತಿ ಮಾಂಸ ಮುಟ್ಟಿದ ಸೌಟು ಸಿಂಕಿನಲ್ಲಿ ಕಂಡರೂ ಮುಖ ಹುಳಿ ಮಾಡುವವರು. ಎರಡು ಅಡುಗೆಗೆ ಎರಡು ಸಲ ಈರುಳ್ಳಿ ಬಾಡಿಸುತ್ತಾ ಕೂತರೆ ಎಣ್ಣೆ, ಗ್ಯಾಸು ಎಲ್ಲಿಂದ ಬರಬೇಕು? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಅತ್ತೆ ತಿಂಗಳ ಮೊದಲ ವಾರದಿಂದಲೇ ಜಪಿಸುತ್ತಾರೆ. ಪಾಲಾಗುವ ತನಕ ಮಸಾಲೆ ಯಾರ ಪಕ್ಷದ್ದೂ ಅಲ್ಲ. ಆಮೇಲೆ ಬಲಗಡೆಯ ಪಾತ್ರೆಗೆ ಬೇಯಿಸಿದ ಕಡಲೆಕಾಳು, ಆಲೂಗಡ್ಡೆ, ಬದನೆಕಾಯಿ. ಎಡಗಡೆಯದಕ್ಕೆ ಮಾಂಸ, ಮತ್ತು ಮಾಂಸ ಕಡಿಮೆ ಎಂದು ಕಾಣದಿರಲಿ ಅಂತ ಅದೇ ಗಾತ್ರಕ್ಕೆ ಹೆಚ್ಚಿದ ಆಲೂಗಡ್ಡೆ. ಎರಡು ಸೌಟು, ಎರಡು ಮುಚ್ಚಳ, ಇಳಿಸಲು ಎರಡು ಬಟ್ಟೆ. ಎರಡರ ಉಪ್ಪು ಖಾರ ನೋಡುವ ನಾಲಿಗೆ ಮಾತ್ರ ಒಂದೇ. ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕುವುದು, ಕೈ ತೊಳೆಯುವುದು, ಮತ್ತೆ ಇನ್ನೊಂದು ಪಾತ್ರೆಯಿಂದ ಎರಡು ಹನಿ. ಅದನ್ನು ಊಟ ಎಂದು ಲೆಕ್ಕಕ್ಕೆ ಹಿಡಿಯುವವರು ಇರಲಾರರು ಎಂದೇ ಅವನು ತಿಳಿದಿದ್ದ.

ಈಗ ಮೂಳೆ ಬಿಡಿಸಬೇಕು. ತಂದದ್ದು ಒಂದೆರಡು ಕಾಲಿನ ತುಂಡು ಬಿಟ್ಟರೆ ಕುತ್ತಿಗೆಯ ಕಡೆಯದು, ಅಗ್ಗದ ತುಂಡು, ಮಾಂಸಕ್ಕಿಂತ ಮೂಳೆಯೇ ಹೆಚ್ಚು. ಚಿಕ್ಕ ಚಾಕು ತೆಗೆದುಕೊಂಡು ಮೂಳೆಯ ಸುತ್ತ ಕೆರೆಯತೊಡಗಿದ. ಕೈಗೆ ಇಂಥ ಕೆಲಸ ಹೊಸದಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಅವನು ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟು ಮಾಡುತ್ತಾನೆ; ಮೇಣದಲ್ಲಿ ವಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಕಂಡರಿಯದ ಬಾಯಿಗಳಿಗೆ ಅಗಿಯುವ ಶಕ್ತಿ ತಯಾರಿಸಿ ಕಳಿಸುತ್ತಾನೆ. ಮಾವನವರ ಬಾಯಲ್ಲಿರುವ ಸೆಟ್ಟೂ ಅವನದೇ ಕೈಕೆಲಸ. ಮೂರು ಸಲ ಉಜ್ಜಿ ಸರಿಮಾಡಿ ಕೊಟ್ಟಿದ್ದ. ಬಂದವರ ಮುಂದೆ ಮಾವನವರು ಅದನ್ನು ‘ನಮ್ಮ ಡಾಕ್ಟರು ಮಾಡಿದ್ದು, ಕಬ್ಬು ಬೇಕಾದ್ರೂ ಸಿಗೀತೀನಿ’ ಎನ್ನುತ್ತಾರೆ. ಪಕ್ಕದಲ್ಲಿ ಕಾಫಿ ಲೋಟ ಹಿಡಿದು ನಿಂತ ಅಳಿಯ ಆಗೆಲ್ಲ ನಕ್ಕಿದ್ದಾನೆ. ಯಾಕೆ ನಕ್ಕೆ? ಚಾಕು ಮೂಳೆಗೆ ತಾಗಿ ಕರಕರ ಅಂದಿತು. ಯಾಕೆ ನಗಬೇಕಿತ್ತು? ಸಂಜೆ ಅಂಗಡಿಯಲ್ಲಿ ಕಟುಕ ಎಂದಿನಂತೆ ‘ತಿನ್ನೋರು ಎಷ್ಟು ಜನ ಸಾರ್?’ ಎಂದು ಕೇಳಿದ್ದ. ಅವನು ಎಂದಿನಂತೆ ‘ಇಬ್ಬರು’ ಎನ್ನಲು ಹೋಗಿ, ಹುಡುಗಿಯ ನೆನಪಾಗಿ, ‘ಇವತ್ತು ಮೂರು’ ಎಂದಿದ್ದ. ತರಕಾರಿಯವಳಿಗೂ ಹಾಗೇ, ‘ಇಬ್ಬರಿಗೆ ಆಗೋಷ್ಟು ಕೊಡಮ್ಮ.’ ಇಬ್ಬರು ಅಲ್ಲಿ, ಇಬ್ಬರು ಇಲ್ಲಿ. ಹೊಳೆ ದಾಟಿದ ಮೇಲೆ ತಮ್ಮತಮ್ಮನ್ನು ಬಿಟ್ಟು ಎಣಿಸಿಕೊಂಡ ಮೂರ್ಖರ ಕಥೆ ಕೇಳಿ ಚಿಕ್ಕಂದಿನಲ್ಲಿ ಬಿದ್ದು ಬಿದ್ದು ನಕ್ಕವನು ತಾನು. ಆ ಮೂರ್ಖರಾದರೂ ಕಾಣೆಯಾದವನಿಗಾಗಿ ದಡದಲ್ಲಿ ಕೂತು ಅತ್ತರು. ಇಲ್ಲಿ ಅಳುವುದಿರಲಿ, ಒಬ್ಬ ಕಡಿಮೆ ಇದ್ದಾನೆ ಎಂದು ಸಂಶಯಪಟ್ಟವರೂ ಇಲ್ಲ. ತಾನೂ ಸಂಶಯಪಟ್ಟಿಲ್ಲ. ಆ ಯೋಚನೆಗೆ ನಾಚಿಕೆಯಾಯಿತು, ನಾಚಿಕೆಯಿಂದ ಸಿಟ್ಟು ಇನ್ನೊಂದಿಷ್ಟು ಏರಿತು.

ಮದುವೆಯಾದ ಹೊಸತರಲ್ಲಿ, ‘ಸ್ವಲ್ಪ ದಿನ ಇಲ್ಲೇ ಇರಿ, ಬಾಡಿಗೆ ಯಾಕೆ ದಂಡ’ ಎಂದು ಇಟ್ಟುಕೊಂಡವರು ಇವರೇ. ಆಗ ಮಾಂಸವನ್ನು ಮಾವನವರೇ ಬೇಯಿಸಿಕೊಳ್ಳುತ್ತಿದ್ದರು. ಬಂದ ದಿನ ರಾತ್ರಿ ಊಟಕ್ಕೆ ಅತ್ತೆ ಏನೋ ಕೇಳಿದ್ದರು, ಹೌದು, ಕೇಳಿದ್ದರು, ಅದನ್ನು ಇಲ್ಲ ಎನ್ನಲಾಗದು. ‘ನಿಮಗೆ ಯಾವುದು ಹಾಕ್ಲಿ?’ ಎಂದಿದ್ದರು. ಅವನು ಎರಡು ಪಾತ್ರೆಯ ಕಡೆಗೂ ನೋಡಿ, ಎರಡೂ ಅರ್ಧಕ್ಕಿಂತ ಕೆಳಗಿದ್ದದ್ದು ಕಂಡು, ‘ನನಗೆ ಹಾಗೇನೂ ಭೇದ ಇಲ್ಲ’ ಎಂದ. ಮರ್ಯಾದೆಗೆ ಆಡಿದ ಮಾತು. ಅದನ್ನು ಇವರು ಕಲ್ಲಿನಲ್ಲಿ ಕೆತ್ತಿಸಿಕೊಂಡರು. ಭೇದ ಇಲ್ಲದವನಿಗೆ ಪಾಲು ಯಾಕೆ? ಅತ್ತೆಯ ಮಣಿಕಟ್ಟು ನೋಯುತ್ತದೆಂದು ಒಂದು ದಿನ ಈರುಳ್ಳಿ ಹೆಚ್ಚಿಕೊಟ್ಟ. ಹೆಂಡತಿಗೆ ಆಸ್ಪತ್ರೆಯಲ್ಲಿ ಪಾಳಿ ಮುಗಿಯುವುದು ತಡ; ಮಾವನವರಿಗೆ ಟೀವಿ; ಬಾಮೈದ ಡ್ರೈವಿಂಗ್ ಕಲಿಸುವವನು, ಸಂಜೆಗೇ ಅವನಿಗೆ ಹೆಚ್ಚು ಕೆಲಸ. ಮನೆಗೆ ಮೊದಲು ಬರುವವನು ಇವನೊಬ್ಬನೇ. ಬೆರಳು ತೋರಿಸಿದರೆ ಹಸ್ತ ನುಂಗಿದರು. ಈರುಳ್ಳಿ ಹೆಚ್ಚುವವನು ಒಗ್ಗರಣೆ ಹಾಕುವವನಾದ, ಒಗ್ಗರಣೆಯವನು ಬಡಿಸುವವನಾದ. ‘ನೀವು ಬಡಿಸಿದ್ರೇ ಸರಿ ಅಳಿಯಂದಿರೇ, ನಿಮಗೆ ಯಾವ ಸೌಟು ಯಾವುದಕ್ಕೆ ಅಂತ ಗೊತ್ತು,’ ಎಂದರು ಅತ್ತೆ. ನೀವು, ತಾವು, ಅಳಿಯಂದಿರು. ಬಹುವಚನಕ್ಕೆ ಈ ಮನೆಯಲ್ಲಿ ಬರ ಬಂದದ್ದಿಲ್ಲ. ಎಲ್ಲರೂ ಎದ್ದ ಮೇಲೆ ಅವನು ಅಡುಗೆಕಟ್ಟೆಗೆ ಒರಗಿ ನಿಂತು, ಎಡಗಡೆಯ ತಳದ ಮಸಾಲೆ, ಬಲಗಡೆಯ ತಳದ ನಾಲ್ಕು ಕಾಳು, ಎರಡನ್ನೂ ಅನ್ನಕ್ಕೆ ಕಲೆಸಿಕೊಂಡು, ಪಾತ್ರೆ ತೊಳೆಯುವ ನೀರು ಬಿಸಿಯಾಗುವುದರೊಳಗೆ ತಿಂದು ಮುಗಿಸುತ್ತಾನೆ. ಬಾಯಿಗೆ ಒಂದು ತುಂಡು ಸಿಕ್ಕ ದಿನವೂ ಇರಬಹುದು. ಯೋಚಿಸಿದರೆ ನೆನಪಾಗುವುದಿಲ್ಲ.

‘ಆಯ್ತೇನ್ರೀ? ಅಪ್ಪಂಗೆ ಹಸಿವಂತೆ,’ ಹೆಂಡತಿ ಮತ್ತೆ ಬಂದಳು. ಈ ಸಲ ಒಂದು ಕ್ಷಣ ನಿಂತು ಅವನ ಮುಖ ನೋಡಿದಳು. ‘ಯಾಕೆ ಒಂಥರಾ ಇದ್ದೀರಿ?’ ‘ಏನಿಲ್ಲ,’ ಎಂದ. ಏನಿಲ್ಲ ಎನ್ನುವಾಗ ಏನೇನೋ ಇತ್ತು. ನಿಂಗೆ ಗೊತ್ತಾ, ನಾನು ಏನು ತಿಂತೀನಿ ಅಂತ ಗೊತ್ತಾ ಎಂದು ಕೇಳಬೇಕೆನಿಸಿತು. ಆದರೆ ಗೊತ್ತಿಲ್ಲ ಎಂದುಬಿಟ್ಟರೆ? ಅವಳು ನಡೆದಾಗ ಡೆಟಾಲಿನ ವಾಸನೆ ಬಂತು, ಪಾಳಿಯಿಂದ ಬಂದು ಇನ್ನೂ ಬಟ್ಟೆ ಬದಲಿಸಿರಲಿಲ್ಲ. ಅವಳೂ ಬೆಳಗಿನಿಂದ ನಿಂತೇ ಇದ್ದವಳು. ಅವಳ ಮೇಲೆ ಸಿಟ್ಟಾಗಲೂ ಆಗದೆ, ಆಗದಿರಲೂ ಆಗದೆ, ಅವನು ಪಾತ್ರೆಗಳನ್ನು ಇಳಿಸಿದ.

ಊಟದ ಮೇಜಿಗೆ ಎರಡು ತುದಿ. ಕಿಟಕಿಯ ಕಡೆ ಮಾಂಸ, ಗೋಡೆಯ ಕಡೆ ಕಾಳು. ನಡುವಿನ ಐದನೆಯ ಕುರ್ಚಿಯ ಮೇಲೆ ಇಷ್ಟು ವರ್ಷ ನೀರಿನ ಜಗ್ಗು, ಹಳೆಯ ಪೇಪರು, ಅತ್ತೆಯ ಮಾತ್ರೆ ಡಬ್ಬಿ ಇರುತ್ತಿದ್ದವು. ಒಂದಲ್ಲ ಒಂದು ದಿನ ಅದು ಖಾಲಿಯಾಗಬಹುದು, ಆಗ ತಾನು ಕೂರಬಹುದು ಎಂದು ಅವನು ಯಾರಿಗೂ ಹೇಳದೆ ಅಂದುಕೊಂಡಿದ್ದ. ಇವತ್ತು ಪಾತ್ರೆ ಹಿಡಿದು ಬಂದು ನೋಡುತ್ತಾನೆ, ಕುರ್ಚಿ ಖಾಲಿಯಾಗಿದೆ, ಒರೆಸಿ ಅದರ ಮೇಲೆ ದಿಂಬೂ ಹಾಕಿದ್ದಾರೆ, ಅದನ್ನು ಕಿಟಕಿಯ ತುದಿಗೆ ಎಳೆದು ಹುಡುಗಿಯನ್ನು ಕೂರಿಸಿದ್ದಾರೆ. ಬರೀ ಒಂದು ಕುರ್ಚಿಗೆ ಇಷ್ಟು ಹೊಟ್ಟೆ ಉರಿಯುವುದು ಸಣ್ಣತನ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡರೂ ಉರಿ ತಣ್ಣಗಾಗಲಿಲ್ಲ. ಮೊದಲು ಗೋಡೆಯ ಕಡೆ ಬಡಿಸಿದ, ಆಮೇಲೆ ಕಿಟಕಿಯ ಕಡೆ. ಮೂಳೆಯಿಲ್ಲದ ಚೂರುಗಳನ್ನು ಹುಡುಕಿ ಹುಡುಕಿ ಹುಡುಗಿಗೆ ಹಾಕಿದ. ಮಾವನವರ ತಟ್ಟೆಗೆ ತುಂಡು ಬೀಳುವಾಗ ಅವರು ಸೌಟನ್ನೇ ನೋಡುತ್ತಿದ್ದರು. ‘ಇಷ್ಟೇನಾ?’ ಎಂದರು. ‘ಇಷ್ಟೇ,’ ಎಂದ. ಅವರು ಅತ್ತೆಯ ಕಡೆ ನೋಡಿದರು, ಅತ್ತೆ ಅರ್ಥಪೂರ್ಣವಾಗಿ ಕಣ್ಣು ಮುಚ್ಚಿ ತೆರೆದರು. ಆ ನೋಟ ಅವನು ಮೊದಲೂ ಕಂಡಿದ್ದ, ಏನಿರಬಹುದೆಂದು ತಲೆ ಕೆಡಿಸಿಕೊಂಡಿರಲಿಲ್ಲ.

ಅರ್ಧ ಊಟವಾಗಿತ್ತು. ಹುಡುಗಿ ತಲೆಯೆತ್ತಿ ನೋಡಿದಳು. ‘ಅಣ್ಣಾ, ನೀವೂ ಕೂತ್ಕೊಳ್ಳಿ. ಆಗ್ಲಿಂದ ನಿಂತೇ ಇದ್ದೀರಲ್ಲ. ನೀವು ಯಾವ ಕಡೆ? ಇಲ್ಲಿ ಜಾಗ ಮಾಡ್ಲಾ?’

‘ಅವರು ಆ ಕಡೆ,’ ಎಂದರು ಅತ್ತೆ, ಕಿಟಕಿಯತ್ತ ಕೈ ತೋರಿಸಿ.

‘ಅವರು ಆ ಕಡೆ,’ ಎಂದರು ಮಾವನವರು, ಅದೇ ಉಸಿರಿನಲ್ಲಿ, ಗೋಡೆಯತ್ತ.

ಬಾಮೈದ ಪಕ್ಕನೆ ನಕ್ಕ. ನೀರು ನೆತ್ತಿಗೇರಿ ಕೆಮ್ಮಿದ. ‘ಅಮ್ಮಾ, ಭಾವ ಎಲ್ಲಿ ಮಾಂಸ ತಿಂತಾರೆ? ಒಂದು ದಿನಾನೂ ನೋಡಿಲ್ಲ ನಾನು.’

‘ನೀನು ನೋಡೋ ಹಾಗೆ ತಿಂದ್ರೆ ತಾನೆ,’ ಎಂದರು ಅತ್ತೆ. ದನಿ ಮೆತ್ತಗೆ, ದೊಡ್ಡ ಮನಸ್ಸು ಮಾಡಿದವರ ಹಾಗೆ. ‘ತರೋರು ಅವರೇ, ಮಾಡೋರು ಅವರೇ. ಅಷ್ಟು ದುಡ್ಡು ಕೊಟ್ಟು ತಂದ್ರೂ ನಿಮ್ಮಪ್ಪನ ತಟ್ಟೇಲಿ ಲೆಕ್ಕಕ್ಕೆ ನಾಲ್ಕು ತುಂಡು. ಮಿಕ್ಕಿದ್ದು ಎಲ್ಲಿಗೆ ಹೋಗುತ್ತೆ? ನಾನೇನು ತಪ್ಪು ಅಂತಿಲ್ಲಪ್ಪ. ದುಡಿಯೋ ಗಂಡಸು, ತಿನ್ಲಿ. ನಾನು ಯಾವತ್ತಾದ್ರೂ ಬಾಯಿ ಬಿಟ್ಟಿದ್ದೀನಾ?’

‘ಅದು ಹೇಗೆ?’ ಮಾವನವರು ಕೈ ಅನ್ನದಲ್ಲೇ ನಿಲ್ಲಿಸಿದರು. ‘ನಾನು ತಿಳ್ಕೊಂಡಿದ್ದು ಆ ಕಾಳಿನ ಪಾತ್ರೆ ಅವರದ್ದು ಅಂತ. ಇಬ್ಬರು ಹೆಂಗಸರಿಗೆ ಅಷ್ಟು ದೊಡ್ಡ ಪಾತ್ರೆನಾ? ತರಕಾರಿಗೆ ಹೋಗೋ ದುಡ್ಡಲ್ಲಿ ಇನ್ನೊಂದು ಅರ್ಧ ಕೆಜಿ ಮಾಂಸ ಬರ್ತಿತ್ತು ಅಂತ ಅನ್ಸಿದ್ರೂ ನಾನೂ ಸುಮ್ನಿದ್ದೆ. ಅಳಿಯಂದಿರಿಗೆ ಏನು ಹೇಳೋದು ಅಂತ.’

ಇಬ್ಬರೂ ಉದಾರವಾಗಿ ಸುಮ್ಮನಿದ್ದವರು. ಪಾಲು ಇಲ್ಲದಿದ್ದದ್ದು ಹೋಗಲಿ, ಮರೆತರು ಎನ್ನಬಹುದು, ಮರೆಯುವುದು ಮನುಷ್ಯರಿಗೆ ಸಹಜ. ಆದರೆ ಇವರು ಮರೆತಿರಲೇ ಇಲ್ಲ. ದಿನಾ ನೆನೆಯುತ್ತಿದ್ದರು. ಒಂದು ತುದಿಯ ಲೆಕ್ಕದಲ್ಲಿ ಅವನು ಮಾಂಸ ನುಂಗುವವನು, ಇನ್ನೊಂದು ತುದಿಯ ಲೆಕ್ಕದಲ್ಲಿ ಕಾಳು ಮುಕ್ಕುವವನು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರೆ. ಇಲ್ಲಿ ಎರಡು ಕೋತಿ, ಒಂದು ಮೇಕೆ, ಮತ್ತು ಆ ಮೇಕೆಯೇ ನಿಂತು ಬಡಿಸುತ್ತಿತ್ತು. ಮೇಜಿನ ಆಚೆ ಈಚೆ ಹೋಗುತ್ತಿದ್ದ ಎಲ್ಲ ನೋಟಗಳೂ ಅವನಿಗೆ ಒಮ್ಮೆಗೇ ಅರ್ಥವಾದವು. ಹಬೆಯಲ್ಲಿ ಬೆವೆತು, ಹಸಿದು, ತಳ ಕೆರೆದು ತಿಂದ ಒಂದೊಂದು ರಾತ್ರಿಯೂ ಇವರ ಕಣ್ಣಿಗೆ ಅವನು ಗುಟ್ಟಾಗಿ ಹೊಟ್ಟೆ ತುಂಬಿಸಿಕೊಂಡ ರಾತ್ರಿ. ಕಳ್ಳನ ಊಟ.

ಈಗ ಎಲ್ಲರೂ ಹೆಂಡತಿಯನ್ನು ನೋಡುತ್ತಿದ್ದರು. ಅವಳೇ ತೀರ್ಪು ಹೇಳಬೇಕು. ಅವನೂ ನೋಡಿದ. ಹೇಳು, ಎಂದು ಒಳಗೇ ಅಂಗಲಾಚಿದ. ನಿನಗಾದರೂ ಗೊತ್ತು. ಒಂದೇ ಹಾಸಿಗೆಯಲ್ಲಿ ಮಲಗುವವಳು, ಜ್ವರ ಬಂದಾಗ ಹಣೆ ಮುಟ್ಟಿದವಳು, ನಾನು ಬೀದಿಯಲ್ಲಿ ಹಂಚಿನ ಮೇಲೆ ಸುಡುವ ಮಾಂಸದ ವಾಸನೆಗೆ ನಿಧಾನ ಮಾಡುವುದನ್ನು ಕಂಡವಳು, ಕಂಡಿದ್ದೀಯಲ್ಲ?

‘ಅವರು…’ ಅವಳು ಅನ್ನವನ್ನು ಬೆರಳಲ್ಲಿ ಆ ಕಡೆ ಈ ಕಡೆ ತಳ್ಳಿದಳು. ‘ಅವರು ಎರಡೂ ತಿಂತಾರೆ ಅನ್ಸುತ್ತೆ.’

ಅನ್ಸುತ್ತೆ! ಪಕ್ಕದ ಮನೆಯವನ ಬಗ್ಗೆ ಹೇಳಿದ ಹಾಗೆ.

‘ಅದು ಸರಿ ಬಿಡಿ,’ ಎಂದರು ಮಾವನವರು, ವ್ಯಾಜ್ಯ ಮುಗಿಸುವವರಂತೆ. ‘ಅಡುಗೆ ಮಾಡೋರಿಗೆ ಏನು ಕಮ್ಮಿ? ಸೌಟು ಕೈಲಿರೋನು ಎಲ್ಲಾದ್ರೂ ಉಪವಾಸ ಇರ್ತಾನೇನ್ರೀ?’

ಅವನು ಸೌಟನ್ನು ಮೇಜಿನ ಮೇಲಿಟ್ಟ. ಮೆಲ್ಲಗೆ ಇಡಬೇಕೆಂದಿದ್ದ, ಟಣ್ಣೆಂದು ಸದ್ದಾಯಿತು, ಮಸಾಲೆ ಮೇಜುಹಾಸಿಗೆ ಹಾರಿತು. ಅಡುಗೆಮನೆಗೆ ಹೋಗಿ ಅಟ್ಟದ ಡಬ್ಬಿ ಇಳಿಸಲು ಹತ್ತುವ ಸ್ಟೂಲು ತಂದು, ಮೇಜಿನ ನಟ್ಟನಡುವೆ ಹಾಕಿಕೊಂಡು ಕೂತ. ಸ್ಟೂಲು ತಗ್ಗು, ಮೇಜು ಅವನ ಎದೆಯ ಮಟ್ಟಕ್ಕೆ ಬಂತು. ದೊಡ್ಡವರ ನಡುವೆ ಕೂತ ಚಿಕ್ಕ ಹುಡುಗನಂತೆ ಕಾಣುತ್ತಿರಬೇಕು, ಕಾಣಲಿ. ‘ನಾನು ಇದನ್ನೂ ತಿಂದಿಲ್ಲ, ಅದನ್ನೂ ತಿಂದಿಲ್ಲ,’ ಎಂದ. ದನಿ ನಡುಗುತ್ತಿತ್ತು, ಅದು ಅಳು ಎಂದು ತಿಳಿಯುತ್ತಾರೇನೋ ಎಂಬ ಭಯಕ್ಕೆ ಇನ್ನೂ ಜೋರಾಗಿ ಹೇಳಿದ. ‘ನೀವೆಲ್ಲ ಎದ್ದ ಮೇಲೆ ತಳದಲ್ಲಿ ಏನಿರುತ್ತೋ ಅದನ್ನ ತಿಂದಿದ್ದೀನಿ. ಇದ್ರೆ. ಈಗ ಸೌಟು ಬಿಟ್ಟಿದ್ದೀನಿ. ಬಡಿಸಿ ನಂಗೆ.’

ಯಾರೂ ಏಳಲಿಲ್ಲ. ಏಳುವುದು ಹೇಗೆಂದೇ ಗೊತ್ತಿಲ್ಲದವರಂತೆ ಕೂತಿದ್ದರು. ಗೋಡೆಯ ಕಡೆಯವರು ಮಾಂಸದ ಸೌಟು ಮುಟ್ಟುವ ಹಾಗಿಲ್ಲ, ಕಿಟಕಿಯ ಕಡೆಯವರು ಕಾಳಿನದನ್ನು ಮುಟ್ಟಿದರೆ ಅದು ಮತ್ತೆ ಗೋಡೆಯ ಕಡೆಗೆ ಸಲ್ಲದು. ಎರಡನ್ನೂ ಮುಟ್ಟಬಲ್ಲ ಮನುಷ್ಯ ಈ ಮನೆಯಲ್ಲಿ ಒಬ್ಬನೇ, ಅವನು ಕೂತುಬಿಟ್ಟಿದ್ದ. ‘ಅಯ್ಯೋ, ಹೊಸ ಹುಡುಗಿ ಎದುರಿಗೆ ಇದೇನಿದು ಅಳಿಯಂದಿರೇ,’ ಎಂದರು ಅತ್ತೆ. ಹುಡುಗಿ ಗಾಬರಿಯಿಂದ ಎದ್ದಳು, ‘ನಾನು ಹಾಕ್ತೀನಿ ಅಣ್ಣಾ.’ ‘ನೀನು ಕೂತ್ಕೋಮ್ಮ,’ ಎಂದ. ‘ನೀನು ಕೇಳಿದ್ದೀಯ, ಅಷ್ಟು ಸಾಕು. ಕೇಳದೇ ಇದ್ದೋರು ಬಡಿಸ್ಲಿ.’ ಬಾಮೈದ ತನ್ನ ಖಾಲಿ ತಟ್ಟೆಯನ್ನು ಆಳವಾಗಿ ಪರೀಕ್ಷಿಸುತ್ತಿದ್ದ.

ಕುರ್ಚಿ ಸರಿದ ಸದ್ದಾಯಿತು. ಹೆಂಡತಿ ಎದ್ದಳು. ಕೈ ತೊಳೆದು ಬಂದಳು, ತಟ್ಟೆ ತಂದು ಅವನ ಮುಂದಿಟ್ಟಳು, ಅನ್ನ ಹಾಕಿದಳು. ಆಮೇಲೆ ನಿಂತು, ಮುಖ ನೋಡದೆ ಕೇಳಿದಳು, ‘ಯಾವುದು ಹಾಕ್ಲಿ?’

ಮನೆಗೆ ಬಂದ ನೆಂಟರನ್ನು ಕೇಳುವ ಮಾತು. ಪರವಾಗಿಲ್ಲ ಬಿಡು, ಯಾವುದೋ ಒಂದು ಹಾಕು ಎನ್ನಲು ನಾಲಿಗೆ ತಾನಾಗಿಯೇ ಎದ್ದಿತ್ತು. ಹಲ್ಲು ಕಚ್ಚಿ ಅದನ್ನು ತಡೆದ. ‘ಎರಡೂ,’ ಎಂದ. ‘ಮೊದ್ಲು ಮಾಂಸ.’

ಅತ್ತೆ ‘ನೀನು ಮುಟ್ಟಬೇಡ ಕಣೇ’ ಎಂದರು. ಅಷ್ಟರಲ್ಲಿ ಅವಳು ಮುಟ್ಟಿ ಆಗಿತ್ತು. ಉಸಿರು ಬಿಗಿಹಿಡಿದು ಮಾಂಸದ ಪಾತ್ರೆಯನ್ನು ವಾಲಿಸಿ ಸೌಟು ಇಳಿಸಿದಳು. ಸೌಟು ತಳಕ್ಕೆ ತಾಗಿ ಕೆರೆಯಿತು. ಇನ್ನೊಂದು ಸಲ ಕೆರೆಯಿತು. ಎಲ್ಲರಿಗೂ ಕೇಳಿಸುವಂತೆ ಮೂರನೆಯ ಸಲವೂ ಕೆರೆದು, ಅವಳು ಮೇಲೆತ್ತಿದ್ದು ಒಂದಿಷ್ಟು ಎಣ್ಣೆ, ಒಡೆದ ಆಲೂಗಡ್ಡೆಯ ಚೂರು. ಅದನ್ನೇ ನೋಡುತ್ತ ನಿಂತಳು. ಅವಳ ಕಿವಿ ಕೆಂಪಾಗುತ್ತ ಹೋಯಿತು.

ಮಾವನವರಿಗೆ ಒಳ್ಳೆಯ ತುಂಡನ್ನು ಕೊನೆಗೆ ಉಳಿಸಿಕೊಂಡು ತಿನ್ನುವ ಚಪಲ. ಮಜ್ಜೆ ತುಂಬಿದ, ಸುತ್ತ ಮಾಂಸವಿದ್ದ ಒಂದು ತುಂಡು ಅವರ ತಟ್ಟೆಯ ಅಂಚಿನಲ್ಲಿ ಕಾಯುತ್ತಿತ್ತು. ಹೆಂಡತಿ ಅವನ ಮುಂದಿನ ತಟ್ಟೆಯನ್ನು ಎತ್ತಿಕೊಂಡು ಹೋಗಿ ಅಪ್ಪನ ಮುಂದೆ ಹಿಡಿದಳು.

‘ಎಂಜಲಾಗಿದೆ ಕಣಮ್ಮ,’ ಎಂದರು ಅವರು.

‘ಆಗಿಲ್ಲ. ಅಂಚಿಗೆ ಇಟ್ಕೊಂಡಿದ್ದು ನಾನು ನೋಡಿದ್ದೀನಿ.’

‘ನಾಳೆ ಜಾಸ್ತಿ ತಂದ್ರಾಯ್ತಪ್ಪ…’

‘ಹಾಕಪ್ಪಾ.’ ತಟ್ಟೆ ಹಿಂದೆ ಸರಿಯಲಿಲ್ಲ. ಅವರು ಮಗಳನ್ನು ನೋಡಿದರು, ಅಳಿಯನನ್ನು ನೋಡಿದರು, ಕೊನೆಗೆ ಎರಡು ಬೆರಳಲ್ಲಿ ಹಿಡಿದು, ಸ್ವಂತ ಮೈಯದ್ದೇ ಕೊಟ್ಟವರಂತೆ ತುಂಡನ್ನು ಹಾಕಿದರು. ಅವಳು ಅದನ್ನು ತಂದಿಟ್ಟು, ಬಟ್ಟೆಗೆ ಕೈ ಒರೆಸಿಕೊಂಡು, ಬೇರೆ ಸೌಟಿನಲ್ಲಿ ಕಾಳು ಹಾಕಿ, ಗೋಡೆಯ ಕಡೆಗೆ ಹೋಗದೆ ಅಲ್ಲೇ ನಿಂತಳು. ಅವನು ತಿನ್ನತೊಡಗಿದ. ಮಾಂಸ ಚೆನ್ನಾಗಿ ಬೆಂದಿತ್ತು, ಮೂಳೆಯ ಹತ್ತಿರದ್ದು ತಾನಾಗಿ ಬಿಟ್ಟುಕೊಂಡು ಬಂತು. ಇದಕ್ಕೆ ಇಷ್ಟು ರುಚಿ ಇದೆಯೇ, ತಾನೇ ಮಾಡಿದ್ದು! ಮಜ್ಜೆಯನ್ನು ಸದ್ದು ಮಾಡಿ ಹೀರಿದ. ಕಾಳನ್ನೂ ಒಂದು ಬಿಡದೆ ತಿಂದ. ಐದು ಜನ ನೋಡುತ್ತಿದ್ದರು, ನಾಚಿಕೆಯಾಗಲಿಲ್ಲ. ತಿನ್ನುತ್ತ ಹೋದಂತೆ ಸಿಟ್ಟು ಇಳಿಯಬಹುದೆಂದು ಅವರೂ ಕಾದಿದ್ದರು, ಅವನೂ ಕಾದಿದ್ದ. ಇಳಿಯಲಿಲ್ಲ. ತಟ್ಟೆ ಖಾಲಿಯಾಯಿತು. ಅದನ್ನು ಮೇಜಿನ ನಡುವಿಗೆ ನೂಕಿ, ಒಬ್ಬೊಬ್ಬರ ಮುಖವನ್ನೂ ನೋಡಿ ಹೇಳಿದ:

‘ಇನ್ನೂ ಬೇಕು.’